ಎಷ್ಟಾಣೆ ನೋವು

ನಮ್ಮವ್ವನ ಎಡಗೆನ್ನೆಯ ಒಳಗೆ ಹುಣ್ಣು ಯಾವಾಗ ಶುರುವಾಯಿತೋ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಾಗಮಂಗಲದ ಕಡೆಯ ನಮ್ಮೂರಿನಲ್ಲಿ ಅವಳ ವಾರಗೆಯ ಹೆಂಗಸರಲ್ಲಿ ಎಲೆ ಅಡಿಕೆಯ ಜತೆ ಹೊಗೆಸೊಪ್ಪು ಹಾಕದವರು ಅಪರೂಪ. ಕಳೆ ಕೀಳುವಾಗ, ನಾಟಿ ಹಾಕುವಾಗ ಹಸಿವು ಮರೆಯಲು ಅದೇ ಆಸರೆ. ರಾತ್ರಿ ಮಲಗುವಾಗಲೂ ಅವ್ವ ಒಂದು ಚೂರು ಸೊಪ್ಪನ್ನು ಕೆನ್ನೆಗೂ ದವಡೆಗೂ ನಡುವೆ ಒತ್ತಿಕೊಂಡೇ ಮಲಗುತ್ತಿದ್ದಳು. ಒತ್ತಿಕೊಂಡ ಆ ಜಾಗದಲ್ಲೇ ಕಾಯಿಲೆ ಬಂತು. ಖಾರ ತಾಗಿದರೆ ಉರಿಯುತ್ತದೆ ಅಂತ ಉಪ್ಪೆಸ್ರು ಬಿಟ್ಟಳು. ಆಮೇಲೆ ಸಾರೇ ಬಿಟ್ಟು ಮಜ್ಜಿಗೆಯಲ್ಲಿ ಮುದ್ದೆ ನುಂಗತೊಡಗಿದಳು. ಊರ ಹತ್ತಿರದ ಪಟ್ಟಣದಲ್ಲಿ ಒಬ್ಬರು ವೈದ್ಯರು ಬಿ ಕಾಂಪ್ಲೆಕ್ಸ್ ಗುಳಿಗೆ ಮತ್ತು ಹಚ್ಚಿಕೊಳ್ಳುವ ಮುಲಾಮು ಕೊಟ್ಟು ತಿಂಗಳುಗಟ್ಟಲೆ ಕಳಿಸಿದರು. ಬಾಯೊಳಗೆ ಬೆರಳಿಟ್ಟು ನೋಡಲಿಲ್ಲ. ಬೆಂಗಳೂರಿಗೆ ನನ್ನ ಮನೆಗೆ ಬಂದಾಗ ಅವಳ ಬಾಯಿ ಎರಡು ಬೆರಳು ಅಗಲವೂ ತೆರೆಯುತ್ತಿರಲಿಲ್ಲ. ಮುದ್ದೆಯ ತುತ್ತು ತುಟಿ ದಾಟುತ್ತಿರಲಿಲ್ಲ.

ಚಿಕಿತ್ಸೆಯ ಕಥೆಯನ್ನು ನಾನಿಲ್ಲಿ ಬೆಳೆಸುವುದಿಲ್ಲ. ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ನಾಲ್ಕನೇ ಹಂತ ಅಂದರು. ಮುಖಕ್ಕೆ ಅಚ್ಚಿನಂಥ ಮುಸುಕು ಮಾಡಿ, ಅದನ್ನು ಮೇಜಿಗೆ ಬಿಗಿದು ರೇಡಿಯೇಷನ್ ಕೊಟ್ಟರು. ಬಿಪಿಎಲ್ ಕಾರ್ಡ್ ಇದ್ದದ್ದರಿಂದ ನಮ್ಮ ಕೈಯಿಂದ ಹೆಚ್ಚು ಹೋಗಲಿಲ್ಲ. ಬಾಯಿ ಕ್ಯಾನ್ಸರ್ ಅಂದರೆ ಗುಟ್ಕಾ ಜಗಿಯುವ ಗಂಡಸರ ಕಾಯಿಲೆ ಅಂತ ಜನ ಮಾತಾಡುತ್ತಾರೆ. ಅಲ್ಲಿನ ಸಾಲುಬೆಂಚುಗಳ ಮೇಲೆ ಒಂದು ಬೆಳಗು ಕೂತವರಿಗೆ, ಸೆರಗಿನಲ್ಲಿ ಕೆನ್ನೆ ಮುಚ್ಚಿಕೊಂಡ ಹಳ್ಳಿ ಹೆಂಗಸರು ಎಷ್ಟು ಜನ ಅನ್ನುವುದು ಕಾಣುತ್ತದೆ.

ಕೆಲವು ತಿಂಗಳು ನೆಮ್ಮದಿಯಿತ್ತು. ಆಮೇಲೆ ಕೆನ್ನೆ ಊದಿ ಹೊರಗಡೆಯಿಂದಲೇ ಒಡೆಯಿತು. ಕುಡಿಸಿದ ನೀರು ಕೆನ್ನೆಯ ತೂತಿನಿಂದ ಕತ್ತಿಗೆ ಇಳಿಯುತ್ತಿತ್ತು. ನೆಂಟರೊಬ್ಬರು ಒತ್ತಾಯ ಮಾಡಿದ್ದಕ್ಕೆ ಒಂದು ಖಾಸಗಿ ಆಸ್ಪತ್ರೆಗೂ ಕರೆದುಕೊಂಡು ಹೋದೆ. ಅಲ್ಲಿಯ ವೈದ್ಯರು ಕಡತ ತಿರುವಿ, ಅವ್ವನ ಕಡೆಗೆ ನೋಡದೆ, “ಇನ್ನು ಮಾಡೋಕೆ ಏನೂ ಇಲ್ಲ, ಮನೇಲೇ ನೋಡ್ಕೊಳ್ಳಿ” ಅಂದರು. ಮೂಗಿನೊಳಗೆ ಊಟದ ಪೈಪು ಹಾಕಿ ಕಳಿಸಿದರು. ಮಾಡುವುದಕ್ಕೆ ಏನೂ ಇಲ್ಲ ಅಂದ ಆ ದಿನದಿಂದ ನನ್ನ ಬದುಕಿನಲ್ಲಿ ಇಪ್ಪತ್ನಾಲ್ಕು ಗಂಟೆಯೂ ಸಾಲದಷ್ಟು ಕೆಲಸ ಶುರುವಾಯಿತು.

ನಾನು ಕೆ.ಆರ್.ಪುರದಲ್ಲಿ ಮೊದಲ ಮಹಡಿಯ ಒಂದು ಬಾಡಿಗೆ ಮನೆಯಲ್ಲಿದ್ದೆ. ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ. ಹೆಂಡತಿ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಅಲ್ಲಿ ಒಂದು ದಿನ ತಪ್ಪಿಸಿದರೂ ಸಂಬಳ ಕತ್ತರಿ, ಅವಳ ಪಿಎಫ್, ಇಎಸ್ಐ ನಮಗೆ ಆಧಾರ. ಕರಡನ್ನು ಮನೆಗೆ ತಂದು ತಿದ್ದಬಹುದು, ಕಾಲರು ಹೊಲಿಯುವುದನ್ನು ಮನೆಗೆ ತರಲಾಗದು. ಹಾಗಾಗಿ ಹಗಲು ಅವ್ವನ ಜತೆ ನಾನೇ ಉಳಿದೆ. ಮಗ ಮೂರನೇ ಕ್ಲಾಸು.

ನೋಡಲು ಬಂದವರಿಗೆ ಕಡಿಮೆಯಿರಲಿಲ್ಲ. ಊರಿನಿಂದ ಬಂದರು, ಬೀದಿಯವರು ಬಂದರು. ಕಿತ್ತಳೆ ಹಣ್ಣು, ಬ್ರೆಡ್ಡು, ಹಾರ್ಲಿಕ್ಸ್ ತಂದರು. ಬಾಗಿಲ ಹತ್ತಿರ ನಿಂತು, “ಅಯ್ಯೋ, ಎಂಥ ಗಟ್ಟಿಗಿತ್ತಿ, ಎಂಗಾಗೋದ್ಲು” ಅಂತ ಅತ್ತರು. ಅವರ ಕಣ್ಣೀರು ನಿಜವಾದದ್ದೇ. ಆದರೆ ಗಾಯದ ವಾಸನೆ ಅವರನ್ನು ಹೊಸಿಲಿನಲ್ಲೇ ತಡೆಯುತ್ತಿತ್ತು. ಅವ್ವನಿಗೆ ಅದು ಗೊತ್ತಾಗುತ್ತಿತ್ತು. ಯಾರಾದರೂ ಬಂದ ಸದ್ದಾದರೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಗೋಡೆಯ ಕಡೆ ಹೊರಳುತ್ತಿದ್ದಳು. ನನ್ನ ಅಕ್ಕ ಮೊದಲ ಸಲ ಗಾಯ ಬಿಚ್ಚಿದಾಗ ತಲೆ ಸುತ್ತಿ ಕೂತುಬಿಟ್ಟಳು. ಆಮೇಲೆ ಬಂದಾಗಲೆಲ್ಲ ಪಾತ್ರೆ ತೊಳೆದು, ಬಟ್ಟೆ ಒಗೆದು, ಅಡುಗೆ ಮಾಡಿಟ್ಟು ಹೋಗುತ್ತಿದ್ದಳು. ಅದಕ್ಕೆ ಅವಳನ್ನು ದೂರಿದವರಿದ್ದಾರೆ. ನಾನು ದೂರುವುದಿಲ್ಲ. ಗಾಯದ ಹತ್ತಿರ ಹೋಗಲು ಪ್ರೀತಿಯೊಂದೇ ಸಾಕಾಗುವುದಿಲ್ಲ ಅನ್ನುವುದನ್ನು ನಾನು ನನ್ನ ಮೈಮೇಲೆಯೇ ಕಂಡವನು.

ನೋವು ರಾತ್ರಿ ಏರುತ್ತಿತ್ತು. ಮೆಡಿಕಲ್ ಶಾಪಿನ ಗುಳಿಗೆಗಳು ಒಂದು ಗಂಟೆ ಹಿಡಿದಿಡುತ್ತಿದ್ದವು, ಆಮೇಲೆ ಅದೂ ಇಲ್ಲ. ಅವ್ವ ಕಿರುಚುತ್ತಿರಲಿಲ್ಲ. ಬಾಯಿ ತೆರೆಯುವಂತಿದ್ದರೆ ತಾನೆ! ಎದ್ದು ಕೂತು, ಮಂಡಿಗೆ ಹಣೆ ಕೊಟ್ಟು, ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದಳು. ನನಗಿದ್ದ ಮರುಕವೆಲ್ಲ ಆ ಹೊತ್ತಿನಲ್ಲಿ ಯಾವ ಕೆಲಸಕ್ಕೂ ಬರಲಿಲ್ಲ. ನಾನು ಅತ್ತರೆ ಅವಳ ನೋವು ಒಂದು ಎಳೆಯೂ ಇಳಿಯುತ್ತಿರಲಿಲ್ಲ. ಬದಲಿಗೆ ಅವಳೇ ಕೈ ಚಾಚಿ ನನ್ನ ಬೆನ್ನು ಸವರುತ್ತಿದ್ದಳು.

ಕಿದ್ವಾಯಿಯ ಒಬ್ಬ ಸಿಬ್ಬಂದಿ ಬರೆದುಕೊಟ್ಟ ಚೀಟಿ ಹಿಡಿದು ಕರುಣಾಶ್ರಯಕ್ಕೆ ಫೋನ್ ಮಾಡಿದೆ. ಮಾರತ್ತಹಳ್ಳಿ–ವರ್ತೂರು ರಸ್ತೆಯ ಆ ಸಂಸ್ಥೆ, ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳಿಗೆ ಹಣ ಪಡೆಯದೆ ಆರೈಕೆ ಮಾಡುತ್ತದೆ. ಅದನ್ನು ನಡೆಸುವ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ 1994ರಲ್ಲಿ ಹುಟ್ಟಿದ್ದು. ಒಳರೋಗಿಗಳಿಗೆ ಅಲ್ಲೇ ಹಾಸಿಗೆಗಳಿವೆ, ಮನೆಗಳಿಗೂ ಅವರ ತಂಡ ಬರುತ್ತದೆ. ನಮ್ಮ ಮನೆಗೆ ಒಬ್ಬ ನರ್ಸ್ ಬಂದರು.

ಅವರು ಬಂದ ರೀತಿಯನ್ನು ಬಿಡಿಸಿ ಹೇಳಬೇಕು. ಚಪ್ಪಲಿ ಬಿಟ್ಟು, ಕೈ ತೊಳೆದು, ನೇರವಾಗಿ ಹೋಗಿ ಮಂಚದ ಅಂಚಿನಲ್ಲಿ ಅವ್ವನ ಸೊಂಟಕ್ಕೆ ತಾಗಿದಂತೆ ಕೂತರು. ಮೂಗು ಮುಚ್ಚಿಕೊಳ್ಳಲಿಲ್ಲ. ಗಾಯ ನೋಡಲಿಲ್ಲ, ಕಡತ ಕೇಳಲಿಲ್ಲ. ಅವ್ವನ ಅಂಗೈಯನ್ನು ತಮ್ಮ ಎರಡು ಕೈಯಲ್ಲಿ ಹಿಡಿದು, “ಎಷ್ಟು ಎಕರೆ ಗೇದಿದ್ದೀರಮ್ಮ ಈ ಕೈಯಲ್ಲಿ?” ಅಂತ ಕೇಳಿದರು. ಅವ್ವ ಸೆರಗು ಸರಿಸಿ ಅವರ ಮುಖ ನೋಡಿದಳು. ಆಮೇಲೆ ಅವರು ಕೇಳಿದ್ದು: “ನೋವು ಎಷ್ಟಾಣೆ ಇದೆ? ರೂಪಾಯಿಗೆ ಹದಿನಾರಾಣೆ ಅಂದ್ಕೊಳ್ಳಿ. ಸಾಯೋಷ್ಟು ನೋವು ಹದಿನಾರಾಣೆ. ನಿಮ್ಮದು?”

ಅದುವರೆಗೆ ಎಲ್ಲರೂ ಕೇಳಿದ್ದು “ನೋವಿದೆಯಾ” ಅಂತ. ಇದೆ ಅನ್ನುವುದು ಬಿಟ್ಟರೆ ಅದಕ್ಕೆ ಬೇರೆ ಉತ್ತರವಿಲ್ಲ. ಓದು ಬಾರದ ಅವ್ವ ಲೆಕ್ಕದಲ್ಲಿ ಗಟ್ಟಿಗಳು. ಹಾಲಿನ ಲೆಕ್ಕ, ಕೂಲಿಯ ಲೆಕ್ಕ, ರೇಷ್ಮೆಗೂಡಿನ ಲೆಕ್ಕ ಎಲ್ಲ ಅವಳದೇ. ಸ್ವಲ್ಪ ಹೊತ್ತು ಯೋಚನೆ ಮಾಡಿ, ತೊದಲುತ್ತ, “ಅಗ್ಲೊತ್ತು ಅತ್ತಾಣೆ. ರಾತ್ರಿಗೆ ಅದಿನಾರಾಣೇನೂ ತುಂಬ್ತದೆ ಕನವ್ವ” ಅಂದಳು. ಸಿಸ್ಟರ್ ಅದನ್ನು ಹಾಗೇ ಪುಸ್ತಕದಲ್ಲಿ ಬರೆದುಕೊಂಡರು. ತನ್ನ ಮಾತನ್ನು ಒಬ್ಬರು ನಂಬಿ ಬರೆದುಕೊಂಡದ್ದನ್ನು ಅವ್ವ ಕಣ್ಣಗಲಿಸಿ ನೋಡುತ್ತಿದ್ದಳು.

ಮರುದಿನ ವೈದ್ಯರು ಬಂದು ಮಾರ್ಫಿನ್ ಶುರುಮಾಡಿದರು. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ನಡುರಾತ್ರಿ ಎಬ್ಬಿಸಬಾರದು ಅಂತ ರಾತ್ರಿ ಹತ್ತರದ್ದು ಎರಡರಷ್ಟು. ಗುಳಿಗೆ ಪುಡಿಮಾಡಿ ನೀರಿನಲ್ಲಿ ಕಲಸಿ ಪೈಪಿನಲ್ಲಿ ಬಿಡುವುದು. ನೋವು ಬರಲಿ ಅಂತ ಕಾಯುವಂತಿಲ್ಲ, ಹೊತ್ತಿಗೆ ಸರಿಯಾಗಿ ಮುಂಚೆಯೇ ಕೊಡಬೇಕು. ಮಲಬದ್ಧತೆ ಆಗಿಯೇ ಆಗುತ್ತದೆ, ಅದಕ್ಕೆ ಮೊದಲ ದಿನದಿಂದಲೇ ಬೇರೆ ಗುಳಿಗೆ. ನಮ್ಮ ಸೋದರಮಾವ ಕೂಗಾಡಿದರು: “ಅಫೀಮು ತಿನ್ನಿಸಿ ನನ್ನಕ್ಕನ್ನ ಸಾಯಿಸ್ತೀಯಾ?” ವೈದ್ಯರು ಸಿಟ್ಟಾಗಲಿಲ್ಲ. ಮಾವನನ್ನು ಕೂರಿಸಿಕೊಂಡು ಮಾತಾಡಿದರು. ಅಫೀಮಿನಿಂದ ಬಂದದ್ದು ನಿಜ, ಮಧ್ಯಪ್ರದೇಶ, ರಾಜಸ್ಥಾನದಲ್ಲಿ ಸರ್ಕಾರದ ಪರವಾನಗಿ ಪಡೆದ ರೈತರೇ ಅದನ್ನು ಬೆಳೆಯುತ್ತಾರೆ, ನೀಮಚ್‌ನಲ್ಲೂ ಗಾಜೀಪುರದಲ್ಲೂ ಸರ್ಕಾರದ್ದೇ ಕಾರ್ಖಾನೆಯಿದೆ, ನೋವಿದ್ದವರಿಗೆ ಅಳತೆಯಲ್ಲಿ ಕೊಟ್ಟರೆ ಅದು ಕೊಲ್ಲುವುದಿಲ್ಲ ಅಂತ ಹೇಳಿದರು. 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಲೈಸೆನ್ಸು, ಶಿಕ್ಷೆಯ ಭಯದಲ್ಲಿ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟಿದ್ದವು. 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ನಿಯಮ ಸಡಿಲವಾದರೂ ಭಯ ಪೂರ್ತಿ ಹೋಗಿಲ್ಲ. ಅಫೀಮು ಬೆಳೆದು ಹೊರದೇಶಕ್ಕೂ ಕಳಿಸುವ ನಾಡಿನಲ್ಲಿ ನಮ್ಮದೇ ಜನ ಮಂಡಿಗೆ ಹಣೆ ಕೊಟ್ಟು ರಾತ್ರಿ ಕಳೆಯುತ್ತಾರೆ ಅನ್ನುವುದನ್ನು ನೆನೆದರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ.

ವಾರ ತುಂಬುವುದರೊಳಗೆ ಅವ್ವ ಸಿಸ್ಟರಿಗೆ ನಾಲ್ಕು ಬೆರಳು ತೋರಿಸಿದಳು. ನಾಲ್ಕಾಣೆ. ಆ ರಾತ್ರಿ ಅವಳು ಮಲಗಿದ್ದಳು, ನಾನು ಮಾತ್ರ ಉಸಿರಾಡುತ್ತಿದ್ದಾಳೋ ಇಲ್ಲವೋ ಅಂತ ಎದ್ದೆದ್ದು ನೋಡುತ್ತಿದ್ದೆ.

ಬೇಸಿಗೆಯಲ್ಲಿ ಗಾಯಕ್ಕೆ ಹುಳ ಬಿದ್ದವು. ಬಟ್ಟೆ ಕಟ್ಟಿದ್ದರೂ ನೊಣ ಎಲ್ಲಿಂದಲೋ ಕೂತು ಮೊಟ್ಟೆಯಿಟ್ಟಿರುತ್ತದೆ. ಅವ್ವ ಕೆನ್ನೆಯೊಳಗೆ ಏನೋ ಹರಿದಾಡುತ್ತಿದೆ ಅಂತ ಸನ್ನೆ ಮಾಡಿದಾಗ ನನ್ನ ಕೈಕಾಲು ತಣ್ಣಗಾದವು. ಸಿಸ್ಟರ್ ಬಂದು, ಹತ್ತಿಯನ್ನು ಟರ್ಪೆಂಟೈನ್ ಎಣ್ಣೆಯಲ್ಲಿ ಅದ್ದಿ ಗಾಯದ ಬಾಯಿಗೆ ಹಿಡಿದರು. ಆ ಘಾಟಿಗೆ ಹುಳುಗಳು ಒಂದೊಂದಾಗಿ ಮೇಲೆ ಬಂದವು. ಚಿಮಟದಲ್ಲಿ ಹಿಡಿದು ಹಿಡಿದು ಒಂದು ಬಟ್ಟಲಿಗೆ ಹಾಕುತ್ತ ಹೋದರು. ಬಟ್ಟಲನ್ನು ಅವ್ವನ ಕಣ್ಣಿಗೆ ಬೀಳದಂತೆ ತಮ್ಮ ಮೊಣಕಾಲಿನ ಹಿಂದೆ ಇಟ್ಟುಕೊಂಡಿದ್ದರು. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ಅವ್ವನ ಮದುವೆಯ ಸಮಾಚಾರ ಕೇಳುತ್ತಿತ್ತು: ಸೀರೆ ಯಾವ ಬಣ್ಣ, ಚಪ್ಪರಕ್ಕೆ ಎಷ್ಟು ಕಂಬ, ಊಟಕ್ಕೆ ಏನು. ಮುಗಿಯುವಷ್ಟರಲ್ಲಿ ನನ್ನ ಕಡೆ ತಿರುಗಿ, “ನಾಳೆ ಮತ್ತೆ ಒಂದೆರಡು ಸಿಗಬಹುದು. ಈ ಚಿಮಟ ಇಲ್ಲೇ ಬಿಟ್ಟಿರ್ತೀನಿ, ನೀವೇ ತೆಗೀರಿ, ನಾನು ಫೋನಲ್ಲಿ ಇರ್ತೀನಿ” ಅಂದರು. ಮರುದಿನ ತೆಗೆದೆ. ಕೈ ನಡುಗಲಿಲ್ಲ. ಉಸಿರು ಬಿಗಿಹಿಡಿದು ಹತ್ತಿರ ಹೋಗುತ್ತಿದ್ದವನು, ಏನು ಮಾಡಬೇಕು ಅಂತ ತಿಳಿದ ಮೇಲೆ ಸಲೀಸಾಗಿ ಉಸಿರಾಡುತ್ತ ಕೂತಿದ್ದೆ.

ವಾಸನೆಗೂ ಮದ್ದಿತ್ತು. ಮೆಟ್ರೊನಿಡಜೋಲ್ ಗುಳಿಗೆಯನ್ನು ನುಣ್ಣಗೆ ಪುಡಿಮಾಡಿ, ಉಪ್ಪುನೀರಿನಲ್ಲಿ ಗಾಯ ತೊಳೆದ ಮೇಲೆ ಉದುರಿಸುವುದು. ಅದರ ಮೇಲೆ ಗಾಜ್ ಬಟ್ಟೆ, ಅದರ ಮೇಲೆ ಅವ್ವನದೇ ಹಳೆಯ ಹತ್ತಿ ಸೀರೆಯ ಪಟ್ಟಿ. ಕೆಲವೇ ದಿನಗಳಲ್ಲಿ ವಾಸನೆ ಎಷ್ಟೋ ಕಡಿಮೆಯಾಯಿತು. ಇದಾದ ಮೇಲೆ ನನ್ನ ಮಗ ಅಜ್ಜಿಯ ಮಂಚದ ಮೇಲೆ ಕೂತು ಮಗ್ಗಿ ಒಪ್ಪಿಸತೊಡಗಿದ. ಅವನು ತಪ್ಪಿದ ಕಡೆ ಅವ್ವ ಅವನ ತೊಡೆಗೆ ಮೆಲ್ಲಗೆ ತಟ್ಟುತ್ತಿದ್ದಳು. ನೋಡಲು ಬಂದವರೂ ಹೊಸಿಲು ದಾಟಿ ಒಳಗೆ ಬಂದು ಕೂತರು. ಬಂದವರು ಅದೇ ಜನ, ಅವರ ಮನಸ್ಸೂ ಮೊದಲಿನದೇ. ನಡುವೆ ಅಡ್ಡವಿದ್ದದ್ದನ್ನು ಒಂದು ಪುಟ್ಟ ಗುಳಿಗೆ ತೆಗೆದುಹಾಕಿತ್ತು.

ಇದಕ್ಕಿಂತ ಕಷ್ಟದ್ದು ಬೇರೆ ಇತ್ತು. ನಾನು ಮಗ, ಅವಳು ತಾಯಿ. ಕಾಲಿನ ಬಲ ಹೋದ ಮೇಲೆ ಅವಳಿಗೆ ಬಟ್ಟೆ ಬದಲಿಸುವುದು, ಮೈ ತೊಳೆಯುವುದು, ಮಲಮೂತ್ರ ತೆಗೆಯುವುದು ಹಗಲು ಹೊತ್ತಿನಲ್ಲಿ ನನ್ನ ಪಾಲಿಗೆ ಬಂತು. ಸೊಸೆ ಸಂಜೆ ಬರುವವರೆಗೆ ತಡೆದುಕೊಳ್ಳುತ್ತೇನೆ ಅಂತ ಅವ್ವ ನೀರು ಬಿಡಿಸಿಕೊಳ್ಳುವುದನ್ನೇ ಕಡಿಮೆ ಮಾಡಿದಳು. ಒದ್ದೆಯಲ್ಲೇ ಮಲಗಿದ್ದರೂ ಹೇಳುತ್ತಿರಲಿಲ್ಲ. ಬೆನ್ನ ಕೆಳಗೆ ಚರ್ಮ ಕೆಂಪಾಯಿತು. ಸಿಸ್ಟರ್ ನಮ್ಮಿಬ್ಬರಿಗೂ ಬುದ್ಧಿ ಹೇಳುತ್ತ ಕೂರಲಿಲ್ಲ. ಕತ್ತಿನಿಂದ ಪಾದದವರೆಗೆ ಒಂದು ದುಪ್ಪಟಿ ಹೊದಿಸಿ, ಅದನ್ನು ತೆಗೆಯದೆ ಅದರ ಕೆಳಗೇ ಕೈ ಆಡಿಸಿ ಒರೆಸುವುದನ್ನು ತೋರಿಸಿದರು. ಒಂದು ತೋಳು ತೊಳೆದು ಒರೆಸಿ ಮುಚ್ಚಿದ ಮೇಲೆ ಇನ್ನೊಂದು ತೋಳು. ಮುಟ್ಟುವ ಮುಂಚೆ ಹೇಳಬೇಕು: “ಅವ್ವ, ಈಗ ಎಡಗಾಲು.” ಅವಳು ಹೂಂ ಅನ್ನುವವರೆಗೆ ಕಾಯಬೇಕು. ನೀರು ಬೆಚ್ಚಗಿರಬೇಕು, ಬಾಗಿಲು ಮುಚ್ಚಿರಬೇಕು, ಅವಸರ ಕೂಡದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಮೊದಮೊದಲು ಅವ್ವ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿರುತ್ತಿದ್ದಳು. ದಿನ ಕಳೆದಂತೆ ಕಣ್ಣು ತೆರೆದಳು. ಒಂದು ದಿನ, ಒರೆಸುತ್ತಿರುವಾಗಲೇ, “ನೀನುಟ್ಟಿದಾಗ ನಂಗೆ ಬಾಣಂತಿ ಸನ್ನಿ ಬಂದು ನಿಮ್ಮಜ್ಜಿ ಇಂಗೇ ಮಾಡಿದ್ಲು ಕಣ್ಮಗ” ಅಂದಳು. ಆಮೇಲೆ ನಮ್ಮಿಬ್ಬರ ನಡುವೆ ನಾಚಿಕೆ ಇರಲಿಲ್ಲ.

ಆ ದಿನಗಳಲ್ಲೇ ರಾತ್ರಿ ನಾನು ಬುದ್ಧನ ಜೀವನದ ಒಂದು ಪುಸ್ತಕದ ಕರಡು ತಿದ್ದುತ್ತಿದ್ದೆ. ವಿನಯಪಿಟಕದ ಮಹಾವಗ್ಗದಲ್ಲಿ ಬರುವ ಒಂದು ಪ್ರಸಂಗ ಅದರಲ್ಲಿತ್ತು. ಒಬ್ಬ ಭಿಕ್ಷು ಆಮಶಂಕೆಯಲ್ಲಿ ತನ್ನದೇ ಹೊಲಸಿನ ನಡುವೆ ಬಿದ್ದಿರುತ್ತಾನೆ. ಅವನಿಂದ ಏನೂ ಉಪಯೋಗವಿಲ್ಲ ಅಂತ ಉಳಿದ ಭಿಕ್ಷುಗಳು ಹತ್ತಿರ ಹೋಗುವುದಿಲ್ಲ. ಬುದ್ಧ ಆನಂದನಿಗೆ ನೀರು ತರಲು ಹೇಳಿ, ತಾನು ನೀರು ಸುರಿಯುತ್ತಾನೆ, ಆನಂದ ತೊಳೆಯುತ್ತಾನೆ. ಇಬ್ಬರೂ ತಲೆ ಕಡೆ, ಕಾಲ ಕಡೆ ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸುತ್ತಾರೆ. ಉಪದೇಶ ಬರುವುದು ಇಷ್ಟೆಲ್ಲ ಆದ ಮೇಲೆ. ಅಕ್ಷರದೋಷ ಹುಡುಕಬೇಕಾದ ನಾನು ಆ ಪುಟದಲ್ಲಿ ನಿಂತುಬಿಟ್ಟೆ. ತಲೆ ಕಡೆ ಒಬ್ಬ, ಕಾಲ ಕಡೆ ಒಬ್ಬ ಅನ್ನುವುದು ರೋಗಿಯನ್ನು ಎತ್ತಿದವರಿಗೆ ಮಾತ್ರ ಹೊಳೆಯುವ ವಿವರ. ಒಬ್ಬನೇ ಎತ್ತಿದರೆ ರೋಗಿಗೂ ನೋವು, ಎತ್ತಿದವನ ಸೊಂಟಕ್ಕೂ ಪೆಟ್ಟು.

ಒಬ್ಬನೇ ಎತ್ತುತ್ತಿದ್ದ ನಾನು ಸವೆಯುತ್ತಿದ್ದೆ. ನಿದ್ದೆ ಚೂರುಚೂರಾಗಿತ್ತು. ಗಂಜಿ ಸೋಸುವಾಗ, ಪೈಪು ತೊಳೆಯುವಾಗ ಕಾರಣವಿಲ್ಲದೆ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಅಂತ ಹೇಳಲಾಗದ ಸಿಟ್ಟು. ಇದು ಬೇಗ ಮುಗಿಯಲಿ ಅನ್ನುವ ಯೋಚನೆ ಬರುತ್ತಿತ್ತು. ರೋಗಿಯನ್ನು ನೋಡಿಕೊಂಡವರ್‍ಯಾರೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಬಂದಿರುತ್ತದೆ. ಸಿಸ್ಟರ್ ಪ್ರತಿ ಸಲ ಹೊರಡುವಾಗ ನನ್ನನ್ನು ಮೆಟ್ಟಿಲ ಹತ್ತಿರ ಕರೆದು ಎರಡು ನಿಮಿಷ ಮಾತಾಡಿಸುತ್ತಿದ್ದರು. ಒಂದು ದಿನ, “ಎಷ್ಟು ಹೊತ್ತು ಒಂದೇ ಸಮ ಮಲಗಿದ್ದೀರಿ ಈ ವಾರ?” ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಅವ್ವನನ್ನು ಕೆಲವು ದಿನ ಕರುಣಾಶ್ರಯದಲ್ಲೇ ಇಟ್ಟುಕೊಳ್ಳಲು ಅವರೇ ಏರ್ಪಾಡು ಮಾಡಿದರು. ಬೀದಿ ಕೊನೆಯ ಆಟೋ ಚಾಲಕರೊಬ್ಬರು ಬಂದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವ್ವನನ್ನು ಕೂರಿಸಿ ನನ್ನ ಜತೆ ಮೆಟ್ಟಿಲು ಇಳಿಸಿದರು. ಅಂದಿನ ಬಾಡಿಗೆ ತೆಗೆದುಕೊಳ್ಳಲಿಲ್ಲ.

ಅಲ್ಲಿ ಕಲ್ಲುಗೋಡೆಯ ತಗ್ಗು ಕಟ್ಟಡಗಳ ನಡುವೆ ನೀರಿನ ಕೊಳವಿದೆ. ಅವ್ವನ ಪಕ್ಕದ ಮಂಚದಲ್ಲಿ ನನ್ನ ತಂಗಿಯ ವಯಸ್ಸಿನ ಒಬ್ಬ ಹೆಂಗಸಿದ್ದರು. ನೋಡಲು ಯಾರೂ ಬರುತ್ತಿರಲಿಲ್ಲ. ಎರಡನೇ ದಿನ ನಾನು ಹೋದಾಗ ಅವ್ವ ಆಯಾ ಕೈ ಹಿಡಿದು ಎದ್ದು, ಮೂಗಿನ ಪೈಪಿನ ಸಮೇತ ಆಕೆಯ ಮಂಚದಲ್ಲಿ ಕೂತಿದ್ದಳು. ಆಕೆಯ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಒತ್ತುತ್ತಿದ್ದಳು. ನನ್ನನ್ನು ಕಂಡು, ಅಲ್ಲೇ ಇರು ಅಂತ ಕೈಯಲ್ಲೇ ಸನ್ನೆ ಮಾಡಿದಳು.

ಅಲ್ಲಿದ್ದಾಗಲೇ ಅವ್ವ ವೈದ್ಯರನ್ನು ಕೇಳಿದ್ದು, “ಇದು ವಾಸಿ ಆಯ್ತದಾ?” ಅಂತ. ಮನೆಯಲ್ಲಿ ನಾವೆಲ್ಲ ಕ್ಯಾನ್ಸರ್ ಅನ್ನುವ ಮಾತನ್ನೇ ಎತ್ತಿರಲಿಲ್ಲ. ವೈದ್ಯರು ಕುರ್ಚಿ ಎಳೆದುಕೊಂಡು, “ನಿಮಗೇನು ಅನ್ಸುತ್ತೆ ಅಮ್ಮ?” ಅಂದರು. “ಓಗೋ ಕಾಯ್ಲೆ ಅಲ್ಲ ಅಂತ ನಂಗೆ ಯಾವತ್ತೋ ಗೊತ್ತು. ಈ ಮಕ್ಳು ಎದರ್ಕೊಂಡವೆ ಅಂತ ಸುಮ್ಕಿದ್ದೆ.” ಅಂದಿನಿಂದ ಅವಳು ಮಾಡಬೇಕಾದ ಮಾತುಗಳನ್ನೆಲ್ಲ ಮಾಡಿದಳು. ಓಲೆ ಯಾರಿಗೆ, ಹಸು ಯಾರಿಗೆ, ಮಾವನ ಮಗಳ ಮದುವೆಗೆ ಯಾವ ಸೀರೆ. ಮನೆಗೆ ವಾಪಸು ಹೊರಡುವಾಗ ಸಿಸ್ಟರ್ ನನ್ನನ್ನು ಒಬ್ಬನನ್ನೇ ಕರೆದು, ಗಾಯ ಕತ್ತಿನ ರಕ್ತನಾಳದ ಹತ್ತಿರ ಹೋಗಿದೆ, ಒಮ್ಮೆಲೇ ರಕ್ತ ಹರಿಯಬಹುದು, ಮಂಚದ ಪಕ್ಕ ಯಾವಾಗಲೂ ಕಡುಬಣ್ಣದ ಟವಲುಗಳನ್ನು ಇಟ್ಟುಕೊಳ್ಳಿ ಅಂದರು. ಬಿಳಿ ಬಟ್ಟೆಯ ಮೇಲೆ ರಕ್ತ ಕಂಡರೆ ಅವ್ವ ಬೆದರುತ್ತಾಳೆ, ಕಡುಬಣ್ಣದಲ್ಲಿ ಅಷ್ಟು ಕಾಣುವುದಿಲ್ಲ. ಕೆ.ಆರ್.ಪುರದ ಸಂತೆಯಲ್ಲಿ ಕಡುಗೆಂಪಿನ ನಾಲ್ಕು ಟವಲು ಕೊಂಡು ಮಡಿಸಿಟ್ಟೆ. ಬಳಸುವ ಸಂದರ್ಭ ಬರಲಿಲ್ಲ. ಅವ್ವ ಒಂದು ಬೆಳಗಿನ ಜಾವ, ಅಕ್ಕ, ನನ್ನ ಹೆಂಡತಿ, ನಾನು ಹತ್ತಿರವಿದ್ದಾಗ, ಉಸಿರು ನಿಧಾನವಾಗುತ್ತ ಹೋಗಿ ತೀರಿಕೊಂಡಳು.

ಅವ್ವ ಊರಲ್ಲೇ ಇದ್ದಿದ್ದರೆ ಏನಾಗುತ್ತಿತ್ತು ಅನ್ನುವ ಯೋಚನೆ ನನ್ನನ್ನು ಬಿಟ್ಟಿಲ್ಲ. ನೆರೆಯ ಕೇರಳದಲ್ಲಿ 1993ರಲ್ಲಿ ಕೋಯಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಸಂಗಡಿಗರು ಶುರುಮಾಡಿದ ಇಂಥದೇ ಆರೈಕೆಯ ಕೆಲಸ ಹಬ್ಬಿ, 2008ರಲ್ಲಿ ಆ ರಾಜ್ಯ ಉಪಶಾಮಕ ಆರೈಕೆಗೆ ನೀತಿಯನ್ನೇ ರೂಪಿಸಿತು. ಅಲ್ಲಿ ಪಂಚಾಯಿತಿಯ ನರ್ಸ್ ಹಾಸಿಗೆ ಹಿಡಿದವರ ಮನೆಗೆ ಹೋಗುತ್ತಾರೆ. ಒಳ್ಳೆಯ ಮನಸ್ಸಿನವರು ನಾಗಮಂಗಲದ ಹಳ್ಳಿಗಳಲ್ಲೂ ಇದ್ದಾರೆ, ಕೇರಿ ಕೇರಿಗೂ ಇದ್ದಾರೆ. ಅವರ ಕೈಗೆ ಚಿಮಟ ಕೊಟ್ಟು ಹೇಗೆ ಹಿಡಿಯಬೇಕು ಅಂತ ತೋರಿಸುವವರು ಬೇಕು, ಮಾರ್ಫಿನ್ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗಬೇಕು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಲು ಗಾರ್ಮೆಂಟ್ಸಿನ ಹೆಣ್ಣುಮಗಳಿಗೂ ಸಂಬಳದ ರಜೆ ಸಿಗಬೇಕು. ಇದನ್ನು ನಾನು ಉಪಕಾರವಾಗಿ ಕೇಳುತ್ತಿಲ್ಲ.

ತಿಥಿಯೆಲ್ಲ ಮುಗಿದ ಮೇಲೆ ಸಿಸ್ಟರ್ ಮತ್ತೆ ಬಂದರು. ಉಳಿದ ಮಾರ್ಫಿನ್ ಗುಳಿಗೆಗಳನ್ನು ನನ್ನೆದುರಿಗೇ ಎಣಿಸಿ, ಪುಸ್ತಕದಲ್ಲಿ ಬರೆದು, ನನ್ನ ಸಹಿ ಹಾಕಿಸಿಕೊಂಡು ವಾಪಸು ತೆಗೆದುಕೊಂಡರು. ನಾವು ಕೊಂಡಿದ್ದ ಗಾಳಿ ಹಾಸಿಗೆ ಯಾರಿಗಾದರೂ ಬೇಕೇ ಅಂತ ಕೇಳಿದೆ. ಹೊಸಕೋಟೆ ಕಡೆ ಒಂದು ಮನೆಯಿದೆ, ತಂದೆಗೆ ದವಡೆಯ ಕ್ಯಾನ್ಸರ್, ಮಗ ಒಬ್ಬನೇ ನೋಡಿಕೊಳ್ಳುತ್ತಿದ್ದಾನೆ ಅಂದರು. ಭಾನುವಾರ ನಾನೇ ಹಾಸಿಗೆ ಕಟ್ಟಿಕೊಂಡು ಬಸ್ಸು ಹತ್ತಿದೆ. ಆ ಹುಡುಗನಿಗೆ ಇಪ್ಪತ್ತೈದರ ಆಸುಪಾಸು. ಡ್ರೆಸ್ಸಿಂಗ್ ಸಾಮಾನಿನ ಡಬ್ಬಿ ಹಿಡಿದು ಕೋಣೆಯ ಬಾಗಿಲಲ್ಲಿ ನಿಂತಿದ್ದ. “ಇವತ್ತು ನೀವೇ ಮಾಡಿ ತೋರಿಸ್ತೀರಾ ಅಣ್ಣ?” ಅಂದ. “ನಾನು ಪಕ್ಕದಲ್ಲಿ ಕೂತಿರ್ತೀನಿ, ಮಾಡೋದು ನೀನೇ. ಮೊದ್ಲು ಉಗುರು ಕತ್ತರಿಸ್ಕೊಂಡು ಕೈ ತೊಳ್ಕೊಂಡು ಬಾ” ಅಂದೆ. ಅವನು ಬರುವಷ್ಟರಲ್ಲಿ ನಾನು ಅವರಪ್ಪನ ಮಂಚದ ಅಂಚಿನಲ್ಲಿ ಕೂತು, ನೋವು ಎಷ್ಟಾಣೆ ಅಂತ ಕೇಳುತ್ತಿದ್ದೆ.